ಓಡಿಹೋದವರು ಮುರಿದ ರಾಜಿ

1850ರ ಸೆಪ್ಟೆಂಬರ್ 18ರಂದು ಅಮೆರಿಕದ ಅಧ್ಯಕ್ಷ ಮಿಲ್ಲರ್ಡ್ ಫಿಲ್ಮೋರ್ ಸಹಿ ಹಾಕಿದ ಕಾನೂನಿನಲ್ಲಿ ಶುಲ್ಕದ ಕಲಮು ಒಂದಿತ್ತು. ತಪ್ಪಿಸಿಕೊಂಡು ಬಂದ ಗುಲಾಮ ಇವನೇ ಎಂದು ತೀರ್ಮಾನಿಸಿ ಒಡೆಯನ ಕೈಗೆ ಒಪ್ಪಿಸಿದರೆ ವಿಚಾರಣೆ ನಡೆಸಿದ ಕಮಿಷನರ್‌ಗೆ 10 ಡಾಲರ್. ಪುರಾವೆ ಸಾಲದೆಂದು ಬಿಟ್ಟು ಕಳಿಸಿದರೆ 5 ಡಾಲರ್. ಒಪ್ಪಿಸುವಾಗ ಬರೆಯಬೇಕಾದ ಕಾಗದಪತ್ರ ಹೆಚ್ಚು, ಅದಕ್ಕೇ ಈ ವ್ಯತ್ಯಾಸ ಎಂದು ಕಾನೂನಿನ ಸಮರ್ಥಕರು ವಿವರಣೆ ಕೊಟ್ಟರು. ಹಿಡಿಸಿಕೊಂಡವರಿಗೆ ತಮ್ಮ ಪರವಾಗಿ ತಾವೇ ಸಾಕ್ಷಿ ಹೇಳಲು ಅವಕಾಶವಿರಲಿಲ್ಲ, ಜ್ಯೂರಿಯೂ ಇರಲಿಲ್ಲ. ಅವರಿಗೆ ಆಸರೆ ಕೊಟ್ಟವರಿಗೆ, ಬಚ್ಚಿಟ್ಟವರಿಗೆ, ಹಿಡಿಯುವವರನ್ನು ತಡೆದವರಿಗೆ 1,000 ಡಾಲರ್‌ವರೆಗೆ ದಂಡ, 6 ತಿಂಗಳವರೆಗೆ ಸೆರೆ. ಇಷ್ಟೇ ಆಗಿದ್ದರೆ ಇದು ಹತ್ತರಲ್ಲಿ ಹನ್ನೊಂದನೆಯ ಕ್ರೂರ ಕಾನೂನು ಆಗುತ್ತಿತ್ತೇನೋ. ಆದರೆ ಅದರಲ್ಲಿ ಇನ್ನೂ ಒಂದು ಮಾತಿತ್ತು: ಕೇಂದ್ರದ ಮಾರ್ಷಲ್ ಕರೆದರೆ ಊರಿನ ಯಾವುದೇ ನಾಗರಿಕ ಈ ಬೇಟೆಗೆ ಕೈಜೋಡಿಸಬೇಕು. ಬಾಸ್ಟನ್ನಿನ ಅಂಗಡಿಯವ, ಓಹಾಯೋದ ರೈತ, ಪೆನ್ಸಿಲ್ವೇನಿಯಾದ ಕ್ವೇಕರ್ ಪಂಥದ ಗಿರಣಿಗಾರ, ಯಾರಿಗೂ ವಿನಾಯಿತಿ ಇಲ್ಲ.

ಹತ್ತು ವರ್ಷ ಕಳೆದು ಅಮೆರಿಕ ಒಡೆದು ಎರಡಾದದ್ದಕ್ಕೆ ಕಾರಣ ಹೇಳುವಾಗ ಸಾಮಾನ್ಯವಾಗಿ ಎರಡು ಕಥೆಗಳು ಕಿವಿಗೆ ಬೀಳುತ್ತವೆ. ರಾಜ್ಯಗಳ ಹಕ್ಕನ್ನು ಕೇಂದ್ರ ಕಸಿಯಹೊರಟಿತು, ದಕ್ಷಿಣ ಅದನ್ನು ಎದುರಿಸಿತು ಎಂಬುದು ಒಂದು. ಪಶ್ಚಿಮದ ಹೊಸ ನೆಲದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂದು ಎರಡು ಕಡೆಯ ರಾಜಕಾರಣಿಗಳು ಹೊಡೆದಾಡಿದರು ಎಂಬುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಸುಳ್ಳು. ಎರಡನೆಯದು ನಿಜ, ಆದರೆ ಅರ್ಧ. ಎರಡರಲ್ಲೂ ಆಡುವವರು ಸೆನೆಟರ್‌ಗಳು, ಅಧ್ಯಕ್ಷರು, ನ್ಯಾಯಮೂರ್ತಿಗಳು. ಗುಲಾಮರು ಅವರ ಮಾತಿನ ವಸ್ತುವಾಗಿ ಮಾತ್ರ ಬರುತ್ತಾರೆ. ದಾಖಲೆಗಳನ್ನು ಸಾಲಾಗಿ ಇಟ್ಟು ನೋಡಿದರೆ ನನಗೆ ಕಾಣುವುದು ಬೇರೆ. ಗುಲಾಮ ರಾಜ್ಯಗಳೂ ಸ್ವತಂತ್ರ ರಾಜ್ಯಗಳೂ ಎಪ್ಪತ್ತು ವರ್ಷ ಜತನದಿಂದ ತೇಪೆ ಹಾಕಿಕೊಂಡು ಬಂದ ರಾಜಿಯನ್ನು ಹರಿದವರು, ರಾತ್ರಿ ನಡೆದು, ನದಿ ದಾಟಿ, ಹಡಗಿನ ಉಗ್ರಾಣದಲ್ಲಿ ಅಡಗಿ ಉತ್ತರಕ್ಕೆ ಬಂದ ಗುಲಾಮರೇ. ನೆಲಕ್ಕೆ ಗೆರೆ ಎಳೆದು ಪಾಲು ಮಾಡಬಹುದಿತ್ತು. ಗೆರೆ ದಾಟಿ ಬಂದು ಎದುರು ನಿಂತ ಮನುಷ್ಯನನ್ನು ಪಾಲು ಮಾಡುವ ಬಗೆ ಯಾರಿಗೂ ತಿಳಿಯಲಿಲ್ಲ.

ಈ ತೊಡಕು ಸಂವಿಧಾನದ ಹುಟ್ಟಿನಲ್ಲೇ ಇತ್ತು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರು ಗುಲಾಮ ಎಂಬ ಪದವನ್ನು ಎಲ್ಲೂ ಬರೆಯದೆ ಗುಲಾಮಗಿರಿಗೆ ಮೂರು ರಕ್ಷೆ ಕಟ್ಟಿದರು. ಪ್ರತಿನಿಧಿಗಳ ಸಂಖ್ಯೆ ಗೊತ್ತು ಮಾಡುವಾಗ ಐವರು ಗುಲಾಮರನ್ನು ಮೂವರೆಂದು ಎಣಿಸುವುದು. ಹೊರಗಿನಿಂದ ಗುಲಾಮರನ್ನು ತರುವುದಕ್ಕೆ 1808ರವರೆಗೆ ಕಾಂಗ್ರೆಸ್ ಕೈ ಹಚ್ಚದಿರುವುದು. ಒಂದು ರಾಜ್ಯದಲ್ಲಿ ದುಡಿಮೆಗೆ ಕಟ್ಟುಬಿದ್ದವರು ಇನ್ನೊಂದಕ್ಕೆ ಓಡಿಹೋದರೆ ಕೇಳಿದವರಿಗೆ ಒಪ್ಪಿಸುವುದು. ಅದೇ ಹೊತ್ತಿಗೆ ಉತ್ತರದಲ್ಲಿ ಬೇರೆ ಗಾಳಿ ಬೀಸತೊಡಗಿತ್ತು. ಪೆನ್ಸಿಲ್ವೇನಿಯಾ 1780ರಲ್ಲಿ ಹಂತ ಹಂತದ ಬಿಡುಗಡೆಯ ಕಾನೂನು ಮಾಡಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ 1783ರ ಹೊತ್ತಿಗೆ ನ್ಯಾಯಾಲಯವೇ ಗುಲಾಮಗಿರಿಯ ಬೇರು ಕಿತ್ತಿತ್ತು. ನ್ಯೂಯಾರ್ಕ್ 1799ರಲ್ಲಿ, ನ್ಯೂಜೆರ್ಸಿ 1804ರಲ್ಲಿ ಅದೇ ದಾರಿ ಹಿಡಿದವು. ಹೀಗೆ ಒಂದೇ ದೇಶದೊಳಗೆ, ಒಂದು ದಂಡೆಯಲ್ಲಿ ಸರಕಾಗಿದ್ದ ಜೀವ ಇನ್ನೊಂದು ದಂಡೆಯಲ್ಲಿ ಮನುಷ್ಯ ಎನಿಸಿಕೊಳ್ಳುವ ಸ್ಥಿತಿ ಬಂತು. ಮೂರನೆಯ ರಕ್ಷೆ ಮಾತ್ರ ಆ ದಂಡೆಯಲ್ಲೂ ಅವರನ್ನು ಸರಕಾಗಿಯೇ ಉಳಿಸುತ್ತಿತ್ತು.

ಇದರ ಬಿಸಿ ಮೊದಲು ತಟ್ಟಿದವರಲ್ಲಿ ದೇಶದ ಮೊದಲ ಅಧ್ಯಕ್ಷರೇ ಒಬ್ಬರು. ರಾಜಧಾನಿ ಫಿಲಡೆಲ್ಫಿಯಾದಲ್ಲಿದ್ದಾಗ ಜಾರ್ಜ್ ವಾಷಿಂಗ್ಟನ್‌ರ ಮನೆಯಲ್ಲಿ ಗುಲಾಮರಿದ್ದರು. ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಅಲ್ಲಿ ನೆಲೆಸಿದರೆ ಬಿಡುಗಡೆ ಕೇಳಬಹುದೆಂದು ಪೆನ್ಸಿಲ್ವೇನಿಯಾದ ಕಾನೂನು ಹೇಳುತ್ತಿತ್ತು. ಅವಧಿ ತುಂಬುವ ಮೊದಲೇ ಅವರನ್ನು ರಾಜ್ಯದ ಹೊರಗೆ ಕರೆದೊಯ್ದು ಮತ್ತೆ ತರುವ ಏರ್ಪಾಡನ್ನು ವಾಷಿಂಗ್ಟನ್ ಮಾಡಿಕೊಂಡಿದ್ದರು. ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ 1793ರ ಮೊದಲ ಕಾನೂನಿಗೆ ಸಹಿ ಹಾಕಿದವರೂ ಅವರೇ. ಮೂರು ವರ್ಷ ಕಳೆದು, 1796ರ ಮೇ ತಿಂಗಳಲ್ಲಿ, ಅವರ ಹೆಂಡತಿ ಮಾರ್ಥಾರ ಸೇವೆಯಲ್ಲಿದ್ದ ಓನಾ ಜಡ್ಜ್ ಎಂಬ ಯುವತಿ ಮನೆಯಿಂದ ಹೊರಬಿದ್ದು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್ ಸೇರಿದರು. ಅಧ್ಯಕ್ಷರ ಕಡೆಯಿಂದ ಅಲ್ಲಿನ ಸುಂಕದ ಅಧಿಕಾರಿಗೆ ಪತ್ರ ಹೋಯಿತು. ಅಧಿಕಾರಿ ಆಕೆಯನ್ನು ಕಂಡು ಮಾತಾಡಿಸಿದರು. ವಾಷಿಂಗ್ಟನ್ ದಂಪತಿಯ ಕಾಲದ ನಂತರ ಬಿಡುಗಡೆಯ ಭರವಸೆ ಕೊಟ್ಟರೆ ಮರಳುವೆ ಎಂದು ಆಕೆ ಷರತ್ತು ಹಾಕಿದರು. ಅಧ್ಯಕ್ಷರು ಅದಕ್ಕೆ ಒಪ್ಪಲಿಲ್ಲ. ಬಲವಂತದಿಂದ ಎಳೆದು ತಂದರೆ ಗಲಭೆ ಏಳಬಹುದೆಂಬ ಅಳುಕೂ ಅವರಿಗಿತ್ತು. ಓನಾ ಜಡ್ಜ್ 1848ರಲ್ಲಿ ತೀರಿಕೊಳ್ಳುವವರೆಗೆ ಯಾರ ಕೈಗೂ ಸಿಗಲಿಲ್ಲ. ಮುಂದಿನ ಅರ್ಧ ಶತಮಾನದ ಕಥೆಯೆಲ್ಲ ಈ ಒಂದು ಪ್ರಸಂಗದಲ್ಲಿ ಬೀಜವಾಗಿ ಇದೆ: ಕಾನೂನು ಒಡೆಯನ ಪರ, ಆದರೆ ಊರು ಯಾರ ಪರವೆಂದು ಒಡೆಯನಿಗೇ ಖಾತ್ರಿಯಿಲ್ಲ.

ನೆಲದ ಜಗಳವನ್ನು ರಾಜಕಾರಣಿಗಳು ಒಂದು ಮಟ್ಟಕ್ಕೆ ನಿಭಾಯಿಸಿದರು. 1820ರಲ್ಲಿ ಮಿಸೌರಿ ಗುಲಾಮ ರಾಜ್ಯವಾಗಿ ಬರುವುದೆಂದೂ ಅದಕ್ಕೆ ಸರಿಸಮವಾಗಿ ಮೇಯ್ನ್ ಸ್ವತಂತ್ರ ರಾಜ್ಯವಾಗಿ ಬರುವುದೆಂದೂ ಗೊತ್ತಾಯಿತು. ಉಳಿದ ಪಶ್ಚಿಮದ ನೆಲದಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶ ಗಡಿಗೆರೆಯಾಯಿತು. ಸೆನೆಟ್‌ನ ತಕ್ಕಡಿ ಮೂವತ್ತು ವರ್ಷ ಹೆಚ್ಚುಕಡಿಮೆ ಸಮವಾಗಿ ನಿಂತಿತು. ತಕ್ಕಡಿಯ ಕೆಳಗೆ ಮಾತ್ರ ಎಲ್ಲವೂ ಬದಲಾಗುತ್ತಿತ್ತು. ಹತ್ತಿಯಿಂದ ಬೀಜ ಬಿಡಿಸುವ ಎಲಿ ವಿಟ್ನಿಯ ಯಂತ್ರ ಬಂದ ಮೇಲೆ ಹತ್ತಿಯ ಬೇಸಾಯ ಜಾರ್ಜಿಯಾದಿಂದ ಟೆಕ್ಸಸ್‌ವರೆಗೆ ಹಬ್ಬಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ 39 ಲಕ್ಷ ದಾಟಿತು. ವರ್ಜೀನಿಯಾ, ಮೇರಿಲ್ಯಾಂಡ್‌ನಂಥ ಹಳೆಯ ರಾಜ್ಯಗಳಿಂದ ಸುಮಾರು 10 ಲಕ್ಷ ಜನರನ್ನು ದಕ್ಷಿಣದಾಳದ ಹತ್ತಿ ಹೊಲಗಳಿಗೆ ಸಾಗಿಸಲಾಯಿತು. ಗಂಡನೊಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಹರಾಜಿನ ಕಟ್ಟೆಯ ಮೇಲೆ. ಓಡಿಹೋದವರಲ್ಲಿ ಬಹಳ ಮಂದಿ ಓಡಿದ್ದು ತಮ್ಮನ್ನು ಮಾರಲಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಾಗ. ಈ ಹತ್ತಿಯ ಎಳೆ ನಮ್ಮಲ್ಲಿಗೂ ಬಂದಿತ್ತು. ಅಮೆರಿಕದ ಹತ್ತಿಯನ್ನೇ ನೆಚ್ಚಿಕೊಳ್ಳುವುದು ಅಪಾಯವೆಂದು ಬ್ರಿಟಿಷರು 1840ರ ದಶಕದಲ್ಲಿ ಧಾರವಾಡ ಸೀಮೆಯ ಎರೆಹೊಲಗಳಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿದರು. ಅದಕ್ಕೆ ‘ಧಾರವಾಡ ಅಮೆರಿಕನ್’ ಎಂಬ ಹೆಸರೇ ನಿಂತಿತು. ಅಂತರ್ಯುದ್ಧ ಬಂದು ಅಮೆರಿಕದ ಬಂದರುಗಳು ಮುಚ್ಚಿದಾಗ ಆ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು.

ಗುಲಾಮಗಿರಿ ವಿರೋಧಿ ಚಳವಳಿ ಎಂದೊಡನೆ 1831ರ ಜನವರಿ 1ರಂದು ಬಾಸ್ಟನ್‌ನಲ್ಲಿ ‘ಲಿಬರೇಟರ್’ ಪತ್ರಿಕೆ ಆರಂಭಿಸಿದ ವಿಲಿಯಂ ಲಾಯ್ಡ್ ಗ್ಯಾರಿಸನ್ ನೆನಪಾಗುತ್ತಾರೆ. ಅವರ ಛಲಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಸಂಖ್ಯೆಗಳ ಕಣ್ಣಿಂದ ನೋಡಿದರೆ ಬರೀ ಉಪದೇಶದಿಂದ ಉತ್ತರದ ಜನ ಅಲುಗಾಡಿರಲಿಲ್ಲ. ಗುಲಾಮಗಿರಿಯ ವಿರುದ್ಧವೇ ನಿಂತ ಲಿಬರ್ಟಿ ಪಕ್ಷಕ್ಕೆ 1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಸಿಕ್ಕದ್ದು ಸುಮಾರು 7 ಸಾವಿರ ಮತ. ಇಲಿನಾಯ್‌ನ ಆಲ್ಟನ್ ಊರಿನಲ್ಲಿ ಚಳವಳಿಯ ಪತ್ರಿಕೆ ನಡೆಸುತ್ತಿದ್ದ ಎಲೈಜಾ ಲವ್‌ಜಾಯ್‌ರನ್ನು 1837ರಲ್ಲಿ ಗುಂಪೊಂದು ಕೊಂದಿತು, ಅದೂ ಸ್ವತಂತ್ರ ರಾಜ್ಯದಲ್ಲೇ. ಚಳವಳಿಗೆ ಜೀವ ಬಂದದ್ದು ಓಡಿ ಬಂದವರು ವೇದಿಕೆ ಹತ್ತಿದಾಗ. 1838ರ ಸೆಪ್ಟೆಂಬರ್‌ನಲ್ಲಿ ನಾವಿಕನ ವೇಷ ಹಾಕಿ, ಇನ್ನೊಬ್ಬರ ಕಾಗದಪತ್ರ ಹಿಡಿದು ಬಾಲ್ಟಿಮೋರ್‌ನಿಂದ ರೈಲು ಹತ್ತಿದ ಫ್ರೆಡರಿಕ್ ಡಗ್ಲಸ್ ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರೆಂದರೆ, ಇವರು ಗುಲಾಮರಾಗಿದ್ದುದು ನಿಜವೇ ಎಂದು ಕೇಳಿದವರು ಶಂಕಿಸಿದರು. ಅದಕ್ಕೆ ಉತ್ತರವಾಗಿ 1845ರಲ್ಲಿ ಅವರು ತಮ್ಮ ಕಥೆಯನ್ನು ಒಡೆಯನ ಹೆಸರು, ಊರು ಸಮೇತ ಅಚ್ಚು ಹಾಕಿಸಿದರು. ಹಾಕಿಸಿದ್ದರಿಂದಲೇ ಸೆರೆಯ ಭಯ ಎದುರಾಗಿ ಬ್ರಿಟನ್‌ಗೆ ಹೋಗಬೇಕಾಯಿತು. ಅಲ್ಲಿನ ಸ್ನೇಹಿತರು ಹಣ ಕೂಡಿಸಿ ಅವರ ಬಿಡುಗಡೆಯನ್ನು ಕೊಂಡುಕೊಟ್ಟರು.

ಜಾರ್ಜಿಯಾದ ಎಲೆನ್ ಮತ್ತು ವಿಲಿಯಂ ಕ್ರಾಫ್ಟ್ ದಂಪತಿಯ ಕಥೆಯನ್ನು ಬಿಡಲಾಗದು. ಎಲೆನ್ ಮೈಬಣ್ಣ ಬಿಳಿಯರಷ್ಟೇ ತಿಳಿ. 1848ರ ಡಿಸೆಂಬರ್‌ನಲ್ಲಿ ಅವರು ಕೂದಲು ಕತ್ತರಿಸಿ, ಗಂಡಸಿನ ಉಡುಪು ತೊಟ್ಟು, ಕಾಯಿಲೆಯ ಬಿಳಿ ಜಮೀನುದಾರನಾದರು. ಗಂಡ ವಿಲಿಯಂ ಆ ‘ಯಜಮಾನ’ನ ಆಳು. ಎಲೆನ್‌ಗೆ ಬರೆಯಲು ಬಾರದು. ಹೋಟೆಲಿನ ಪುಸ್ತಕದಲ್ಲಿ ಸಹಿ ಹಾಕೆಂದಾರು ಎಂದು ಬಲಗೈಯನ್ನು ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ತೂಗುಹಾಕಿಕೊಂಡರು. ರೈಲು, ಹಡಗು ಬದಲಿಸುತ್ತ ಕ್ರಿಸ್‌ಮಸ್ ದಿನ ಫಿಲಡೆಲ್ಫಿಯಾ ಮುಟ್ಟಿದರು. ಇಂಥವರನ್ನು ಬರಮಾಡಿಕೊಳ್ಳಲು ಕಪ್ಪು ಜನರೇ ಕಟ್ಟಿದ ಕಾವಲು ಸಮಿತಿಗಳು ನ್ಯೂಯಾರ್ಕ್‌ನಲ್ಲೂ ಫಿಲಡೆಲ್ಫಿಯಾದಲ್ಲೂ ಇದ್ದವು. ಬಂದವರ ಹೆಸರು, ಊರು, ಬಿಟ್ಟು ಬಂದ ಮಕ್ಕಳ ವಿವರಗಳನ್ನು ಫಿಲಡೆಲ್ಫಿಯಾದ ವಿಲಿಯಂ ಸ್ಟಿಲ್ ಗುಟ್ಟಾಗಿ ಬರೆದಿಟ್ಟರು. 1872ರಲ್ಲಿ ಅದು ಪುಸ್ತಕವಾಯಿತು. 1849ರಲ್ಲಿ ತಾವು ಪಾರಾದ ಹ್ಯಾರಿಯೆಟ್ ಟಬ್‌ಮನ್ ಮತ್ತೆ ಮತ್ತೆ, ಸುಮಾರು 13 ಸಲ, ಮೇರಿಲ್ಯಾಂಡ್‌ಗೆ ಮರಳಿ 70ರಷ್ಟು ಜನರನ್ನು ಕರೆತಂದರು. ದಕ್ಷಿಣದ ಸೆನೆಟರ್‌ಗಳು ಗುಲಾಮಗಿರಿ ಗುಲಾಮರಿಗೇ ಹಿತ, ಅವರು ಸಂತೃಪ್ತರು ಎಂದು ಭಾಷಣ ಮಾಡುತ್ತಿದ್ದ ಕಾಲ ಅದು. ಆ ಭಾಷಣಗಳಿಗೆ ಕ್ರಾಫ್ಟ್ ದಂಪತಿಯ ಪಯಣಕ್ಕಿಂತ ಗಟ್ಟಿಯಾದ ಜವಾಬು ಬೇಕಿರಲಿಲ್ಲ.

ಈಗ ‘ರಾಜ್ಯಗಳ ಹಕ್ಕು’ ಎಂಬ ಮಾತಿಗೆ ಬರೋಣ. 1837ರಲ್ಲಿ ಎಡ್ವರ್ಡ್ ಪ್ರಿಗ್ ಮತ್ತು ಜೊತೆಗಾರರು ಪೆನ್ಸಿಲ್ವೇನಿಯಾದಿಂದ ಮಾರ್ಗರೆಟ್ ಮಾರ್ಗನ್ ಎಂಬ ಮಹಿಳೆಯನ್ನು ಮಕ್ಕಳ ಸಮೇತ ಮೇರಿಲ್ಯಾಂಡ್‌ಗೆ ಎತ್ತಿಕೊಂಡು ಹೋದರು. ಹಾಗೆ ಒಯ್ಯುವುದು ಪೆನ್ಸಿಲ್ವೇನಿಯಾದ ಕಾನೂನಿನಲ್ಲಿ ಅಪಹರಣ. ಮೊಕದ್ದಮೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1842ರ ತೀರ್ಪು ರಾಜ್ಯದ ಕಾನೂನನ್ನು ತಳ್ಳಿಹಾಕಿತು. ಆದರೆ ತೀರ್ಪು ಬರೆದ ಜೋಸೆಫ್ ಸ್ಟೋರಿ ಒಂದು ಕಿಂಡಿ ಬಿಟ್ಟರು: ಓಡಿಬಂದವರನ್ನು ಹಿಡಿದುಕೊಡುವುದು ಕೇಂದ್ರದ ಕೆಲಸ, ರಾಜ್ಯದ ಅಧಿಕಾರಿಗಳು ಅದಕ್ಕೆ ದುಡಿಯಲೇಬೇಕೆಂದಿಲ್ಲ. ಉತ್ತರದ ರಾಜ್ಯಗಳು ಆ ಕಿಂಡಿಯನ್ನು ಬಾಗಿಲು ಮಾಡಿಕೊಂಡವು. ಅದೇ ವರ್ಷ ಬಾಸ್ಟನ್‌ನಲ್ಲಿ ಜಾರ್ಜ್ ಲ್ಯಾಟಿಮರ್ ಎಂಬುವರನ್ನು ಹಿಡಿದಾಗ 60 ಸಾವಿರಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. 1843ರಲ್ಲಿ ಮ್ಯಾಸಚೂಸೆಟ್ಸ್ ತನ್ನ ಅಧಿಕಾರಿಗಳು ಈ ಕೆಲಸಕ್ಕೆ ಕೈ ಹಾಕಬಾರದು, ತನ್ನ ಸೆರೆಮನೆಗಳನ್ನು ಇದಕ್ಕೆ ಬಳಸಬಾರದು ಎಂದು ಕಾನೂನು ಮಾಡಿತು. ಬೇರೆ ರಾಜ್ಯಗಳೂ ಇದೇ ಹಾದಿ ತುಳಿದವು. ನಮ್ಮ ಪೊಲೀಸರು, ನಮ್ಮ ಸೆರೆಮನೆ, ನಮ್ಮ ತೀರ್ಮಾನ ಎನ್ನುವುದು ಅಪ್ಪಟ ರಾಜ್ಯ ಹಕ್ಕಿನ ವಾದ. ಅದಕ್ಕೆ ದಕ್ಷಿಣ ಕೊಟ್ಟ ಉತ್ತರವೇ 1850ರ ಕಾನೂನು. ಅಂತರ್ಯುದ್ಧಕ್ಕೆ ಮುನ್ನ ಕೇಂದ್ರ ಸರ್ಕಾರ ಸಾಮಾನ್ಯ ನಾಗರಿಕನ ಮನೆ ಬಾಗಿಲವರೆಗೆ ಇಷ್ಟು ಬಲವಾಗಿ ಕೈ ಚಾಚಿದ ಇನ್ನೊಂದು ಕಾನೂನು ಹುಡುಕುವುದು ಕಷ್ಟ. ಅದನ್ನು ಬೇಡಿ ಪಡೆದವರು ಗುಲಾಮ ರಾಜ್ಯದವರು.

ಕಾನೂನು ಬಂದ ಮರುತಿಂಗಳಲ್ಲೇ ಕ್ರಾಫ್ಟ್ ದಂಪತಿಯನ್ನು ಹುಡುಕಿಕೊಂಡು ಜಾರ್ಜಿಯಾದಿಂದ ಇಬ್ಬರು ಬಾಸ್ಟನ್‌ಗೆ ಬಂದರು. ಊರಿನವರು ಅವರ ಮೇಲೆ ಒಂದರ ಮೇಲೊಂದು ದಾವೆ ಹೂಡಿ ಊರು ಬಿಡಿಸಿದರು. ಕ್ರಾಫ್ಟ್ ದಂಪತಿ ಇಂಗ್ಲೆಂಡ್‌ಗೆ ಹೊರಟರು. ಉತ್ತರದಲ್ಲಿ ನೆಲೆ ನಿಂತಿದ್ದ ಸಾವಿರಾರು ಕಪ್ಪು ಜನ ಗಂಟುಮೂಟೆ ಕಟ್ಟಿ ಈ ಕಾನೂನು ಮುಟ್ಟದ ಕೆನಡಾಕ್ಕೆ ನಡೆದರು. 1851ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಕಪ್ಪು ಜನರ ಗುಂಪು ನ್ಯಾಯಾಲಯಕ್ಕೇ ನುಗ್ಗಿ, ಓಡಿಬಂದು ಸೆರೆಸಿಕ್ಕ ಶಾಡ್ರಾಕ್ ಮಿಂಕಿನ್ಸ್‌ರನ್ನು ಎತ್ತಿಕೊಂಡು ಹೋಯಿತು. ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಕ್ರಿಸ್ಟಿಯಾನಾ ಎಂಬ ಹಳ್ಳಿಗೆ ತನ್ನ ಗುಲಾಮರನ್ನು ಹುಡುಕಿ ಬಂದ ಮೇರಿಲ್ಯಾಂಡ್‌ನ ಎಡ್ವರ್ಡ್ ಗೋರ್ಸಚ್‌ಗೆ, ತಾವೂ ಓಡಿಬಂದವರೇ ಆದ ವಿಲಿಯಂ ಪಾರ್ಕರ್‌ರ ಮನೆಯಲ್ಲಿ ಆಯುಧಗಳು ಎದುರಾದವು. ಗೋರ್ಸಚ್ ಅಲ್ಲೇ ಸತ್ತ. ಬೇಟೆಗೆ ಕೈಜೋಡಿಸೆಂದು ಮಾರ್ಷಲ್ ಹೇಳಿದಾಗ ಒಲ್ಲೆ ಎಂದ ಬಿಳಿಯ ಗಿರಣಿಗಾರ ಕ್ಯಾಸ್ಟ್ನರ್ ಹಾನ್ವೇ ಮೇಲೆ ಸರ್ಕಾರ ರಾಜದ್ರೋಹದ ಆರೋಪ ಹೊರಿಸಿತು. ಜ್ಯೂರಿ ಕೆಲವೇ ನಿಮಿಷಗಳಲ್ಲಿ ಅವರನ್ನು ಬಿಡುಗಡೆ ಮಾಡಿತು. ಈ ಕಾನೂನು ಹುಟ್ಟಿಸಿದ ಸಿಟ್ಟಿನಿಂದಲೇ ಹ್ಯಾರಿಯೆಟ್ ಬೀಚರ್ ಸ್ಟೋ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದರು. 1852ರಲ್ಲಿ ಪುಸ್ತಕವಾಗಿ ಬಂದ ಅದು ಮೊದಲ ವರ್ಷ ಅಮೆರಿಕದಲ್ಲೇ ಸುಮಾರು 3 ಲಕ್ಷ ಪ್ರತಿ ಮಾರಾಟವಾಯಿತು.

ಇವೆಲ್ಲಕ್ಕಿಂತ ಹೆಚ್ಚಾಗಿ ಉತ್ತರದ ಮನಸ್ಸನ್ನು ಕಲಕಿದ್ದು 1854ರ ಮೇ-ಜೂನ್‌ನ ಹತ್ತು ದಿನ. ವರ್ಜೀನಿಯಾದಿಂದ ಹಡಗಿನಲ್ಲಿ ಪಾರಾಗಿ ಬಾಸ್ಟನ್ನಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ ಆಂಟನಿ ಬರ್ನ್ಸ್‌ರನ್ನು ಮೇ 24ರ ಸಂಜೆ ಹಿಡಿದರು. ಎರಡು ದಿನದ ನಂತರ ಕಪ್ಪು, ಬಿಳಿ ಎರಡೂ ಬಣ್ಣದ ಜನ ನ್ಯಾಯಾಲಯದ ಬಾಗಿಲು ಒಡೆಯಲು ನೋಡಿದರು. ನೂಕುನುಗ್ಗಲಿನಲ್ಲಿ ಕಾವಲಿನವನೊಬ್ಬ ಸತ್ತ. ಬರ್ನ್ಸ್ ಸಿಗಲಿಲ್ಲ. ಅವರು ಕೋಳದಲ್ಲಿದ್ದಾಗಲೇ, ಮೇ 30ರಂದು, ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಕಾನ್ಸಾಸ್-ನೆಬ್ರಾಸ್ಕಾ ಕಾನೂನಿಗೆ ಸಹಿ ಹಾಕಿ 1820ರ ಗೆರೆಯನ್ನು ಅಳಿಸಿದರು. ಜೂನ್ 2ರಂದು ಒಬ್ಬನೇ ಒಬ್ಬ ಮನುಷ್ಯನನ್ನು ಬಂದರಿಗೆ ಒಯ್ಯಲು ಸೈನಿಕರು ಬೀದಿಯ ಎರಡೂ ಬದಿ ಸಾಲುಗಟ್ಟಿದರು. ಅಂಗಡಿಗಳಿಗೆ ಕಪ್ಪು ಬಟ್ಟೆ, ಬೀದಿಯ ಮೇಲೆ ತೂಗುಬಿಟ್ಟ ಶವಪೆಟ್ಟಿಗೆ, ಧಿಕ್ಕಾರ ಕೂಗುತ್ತ ನಿಂತ ಹತ್ತಾರು ಸಾವಿರ ಜನ. ಬಟ್ಟೆ ಗಿರಣಿಗಳ ವ್ಯವಹಾರದಲ್ಲಿ ಹಣ ಮಾಡಿದ, ಅದುವರೆಗೆ ರಾಜಿಯ ಪರವಿದ್ದ ಏಮಸ್ ಲಾರೆನ್ಸ್ ಎಂಬ ಸಿರಿವಂತರು, ನಾವು ರಾತ್ರಿ ಸಂಪ್ರದಾಯಸ್ಥರಾಗಿ ಮಲಗಿ ಬೆಳಿಗ್ಗೆ ಕಡು ಗುಲಾಮಗಿರಿ ವಿರೋಧಿಗಳಾಗಿ ಎದ್ದೆವು ಎಂಬರ್ಥದ ಮಾತು ಬರೆದರು. ಗುಲಾಮಗಿರಿ ಬೇಡವೆನ್ನುವ ಕುಟುಂಬಗಳನ್ನು ಕಾನ್ಸಾಸ್‌ಗೆ ಕಳಿಸಲು ಮುಂದೆ ಹಣ ಸುರಿದವರು ಅವರೇ. ಅಲ್ಲಿನ ಲಾರೆನ್ಸ್ ಪಟ್ಟಣಕ್ಕೆ ಅವರದೇ ಹೆಸರು. ಹೊಸ ನೆಲದ ಜಗಳ ಬೇರೆ, ಓಡಿಬಂದವರ ಜಗಳ ಬೇರೆ ಎಂದು ಬಿಡಿಸಿ ಹೇಳುವವರು ಈ ಹತ್ತು ದಿನಗಳನ್ನು ದಿಟ್ಟಿಸಿ ನೋಡಬೇಕು. ಬೀದಿಯಲ್ಲಿ ಬರ್ನ್ಸ್‌ರನ್ನು ಕಂಡವರಿಗೆ ಕಾನ್ಸಾಸ್ ಎಂದರೆ ಏನೆಂದು ನಕ್ಷೆ ತೋರಿಸಿ ವಿವರಿಸಬೇಕಾಗಿರಲಿಲ್ಲ. ಮುಂದಿನ ವರ್ಷ ಬಾಸ್ಟನ್ನಿನ ಕಪ್ಪು ಜನರ ಚರ್ಚು ಹಣ ಕೂಡಿಸಿ ಬರ್ನ್ಸ್‌ರನ್ನು ಬಿಡಿಸಿತು. ಅವರು ಓದಿ ಪಾದ್ರಿಯಾದರು, 1862ರಲ್ಲಿ ಕೆನಡಾದಲ್ಲಿ ತೀರಿಕೊಂಡರು. ಆಮೇಲೆ ಬಾಸ್ಟನ್‌ನಿಂದ ಇನ್ನೊಬ್ಬರನ್ನು ಹೀಗೆ ಹಿಡಿದೊಯ್ಯಲು ಯಾರಿಗೂ ಆಗಲಿಲ್ಲ.

1854ರಲ್ಲೇ ವಿಸ್ಕಾನ್ಸಿನ್‌ನಲ್ಲಿ, ಓಡಿಬಂದು ಸೆರೆಸಿಕ್ಕ ಜೋಶುವಾ ಗ್ಲೋವರ್‌ರನ್ನು ಜನ ಸೆರೆಮನೆ ಒಡೆದು ಬಿಡಿಸಿದರು. ಜನರನ್ನು ಒಟ್ಟುಗೂಡಿಸಿದ ಪತ್ರಿಕೆಯ ಸಂಪಾದಕ ಶೆರ್ಮನ್ ಬೂತ್‌ರನ್ನು ಬಂಧಿಸಿದಾಗ ರಾಜ್ಯದ ಸುಪ್ರೀಂ ಕೋರ್ಟು 1850ರ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂದು ಸಾರಿತು. 1859ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ ಅದನ್ನು ತಳ್ಳಿಹಾಕಿದರು. ಕಪ್ಪು ಜನ ಅಮೆರಿಕದ ನಾಗರಿಕರೇ ಅಲ್ಲ ಎಂದು ಎರಡು ವರ್ಷ ಹಿಂದೆ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ ತೀರ್ಪಿತ್ತವರೂ ಅವರೇ. ವಿಸ್ಕಾನ್ಸಿನ್ ಶಾಸನಸಭೆ ಸುಮ್ಮನಾಗಲಿಲ್ಲ. ಥಾಮಸ್ ಜೆಫರ್ಸನ್ 1798ರಲ್ಲಿ ಕೆಂಟಕಿಗಾಗಿ ಬರೆದುಕೊಟ್ಟಿದ್ದ ರಾಜ್ಯ ಸಾರ್ವಭೌಮತ್ವದ ಠರಾವಿನ ಮಾತುಗಳನ್ನೇ ಎತ್ತಿಕೊಂಡು ತೀರ್ಪನ್ನು ಧಿಕ್ಕರಿಸಿತು. ದಕ್ಷಿಣ ಇದನ್ನು ಹೇಗೆ ಕಂಡಿತೆಂಬುದಕ್ಕೆ ದಕ್ಷಿಣ ಕೆರೊಲಿನಾ 1860ರ ಡಿಸೆಂಬರ್ 24ರಂದು ಹೊರಡಿಸಿದ ಘೋಷಣೆಯೇ ಸಾಕ್ಷಿ. ಒಕ್ಕೂಟ ಬಿಡಲು ಕಾರಣ ಕೊಡುವಾಗ ಅದು ಓಡಿಹೋದವರನ್ನು ಒಪ್ಪಿಸಬೇಕೆಂಬ ಸಂವಿಧಾನದ ವಿಧಿಯನ್ನು ಎದುರಿಗಿಟ್ಟು, ಆ ಮಾತಿಗೆ ತಪ್ಪಿದ ಉತ್ತರದ ರಾಜ್ಯಗಳನ್ನು ಹೆಸರು ಹಿಡಿದು ಎಣಿಸುತ್ತದೆ. ನ್ಯೂಯಾರ್ಕ್ ತನ್ನ ನೆಲದ ಮೂಲಕ ಗುಲಾಮರನ್ನು ಕರೆದುಕೊಂಡು ಹಾದುಹೋಗಲೂ ಬಿಡುವುದಿಲ್ಲ ಎಂದು ದೂರುತ್ತದೆ. ಅಂದರೆ ದೂರು ಇದ್ದದ್ದು ಕೇಂದ್ರ ಬಲವಾಯಿತೆಂದಲ್ಲ. ಉತ್ತರದ ರಾಜ್ಯಗಳು ತಮ್ಮ ಹಕ್ಕನ್ನು ವಿಪರೀತ ಚಲಾಯಿಸಿದವು, ಕೇಂದ್ರ ಅವನ್ನು ಬಗ್ಗಿಸಲಿಲ್ಲ ಎಂದು. ಸುಂಕದ ಜಗಳವೇ ಮೂಲ ಎನ್ನುವವರೂ ಇದ್ದಾರೆ. ಆ ಘೋಷಣೆಯಲ್ಲಿ ಸುಂಕದ ಪ್ರಸ್ತಾಪವಿಲ್ಲ. 1857ರ ಸುಂಕ ದಶಕಗಳಲ್ಲೇ ಕಡಿಮೆಯದು. ಅದನ್ನು ಏರಿಸಿದ ಕಾನೂನು 1861ರ ಮಾರ್ಚ್‌ನಲ್ಲಿ ಬಂದಾಗ ಏಳು ರಾಜ್ಯಗಳು ಆಗಲೇ ಹೊರನಡೆದಿದ್ದವು.

ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಬೇರೆಯೇ ಇದೆ. 1860ರ ಜನಗಣತಿಯಲ್ಲಿ ಒಂದು ವರ್ಷಕ್ಕೆ ಓಡಿಹೋದವರೆಂದು ದಾಖಲಾದವರು 803 ಜನ. 39 ಲಕ್ಷದ ಎದುರು ಇದು ಸಾಗರದಲ್ಲಿ ಹನಿ. ಲೆಕ್ಕಕ್ಕೆ ಸಿಗದವರು ಇನ್ನಷ್ಟು ಇದ್ದಾರು, ಆದರೂ ಪ್ರಮಾಣ ಅಲ್ಪವೇ. ಅದಕ್ಕಿಂತ ತೊಡಕಿನ ಸಂಗತಿ: ಹೆಚ್ಚು ಗುಲಾಮರನ್ನು ಹೀಗೆ ಕಳೆದುಕೊಂಡದ್ದು ಮೇರಿಲ್ಯಾಂಡ್, ಕೆಂಟಕಿಯಂಥ ಗಡಿ ರಾಜ್ಯಗಳು, ಅವು ಒಕ್ಕೂಟದಲ್ಲೇ ಉಳಿದವು. ಮೊದಲು ಹೊರನಡೆದದ್ದು ದಕ್ಷಿಣ ಕೆರೊಲಿನಾ, ಮಿಸಿಸಿಪಿ. ಅಲ್ಲಿಂದ ಉತ್ತರಕ್ಕೆ ಪಾರಾಗುವುದು ಬಲು ದುರ್ಲಭ. ಇದಕ್ಕೆ ಉತ್ತರ ಗಡಿಯ ಭೂಗೋಳದಲ್ಲೇ ಇದೆ. ಒಕ್ಕೂಟ ಒಡೆದರೆ ಓಹಾಯೋ ನದಿ ಪರದೇಶದ ಗಡಿಯಾಗುತ್ತದೆ, ಕೆನಡಾ ಕೆಂಟಕಿಯ ಹಿತ್ತಲಿಗೇ ಇಳಿದು ಬಂದಂತಾಗುತ್ತದೆ ಎಂದು ಗಡಿಯ ಒಡೆಯರಿಗೆ ಗೊತ್ತಿತ್ತು. ಈಗ ಅರೆಬರೆಯಾಗಿಯಾದರೂ ಒಪ್ಪಿಸುತ್ತಿರುವ ಓಡಿಹೋದವರನ್ನು ಆಮೇಲೆ ಒಪ್ಪಿಸುವವರೇ ಇರುವುದಿಲ್ಲ ಎಂದು ಹೊಸ ಅಧ್ಯಕ್ಷ ಲಿಂಕನ್ ಕೂಡ ತಮ್ಮ ಮೊದಲ ಅಧಿಕಾರ ಸ್ವೀಕಾರದ ಭಾಷಣದಲ್ಲಿ ಎಚ್ಚರಿಸಿದ್ದರು. ದಕ್ಷಿಣದಾಳದವರಿಗೆ ಚಿಂತೆ ಇದ್ದದ್ದು ಹೋದ ಆಳಿನ ಬೆಲೆಯದಲ್ಲ, ಉಳಿದವರ ಮೇಲಿನ ಒಡೆತನದ್ದು. ಅವರ ಸಂಪತ್ತಿನ ಬಹುಪಾಲು ಮನುಷ್ಯರಲ್ಲಿ ಹೂಡಿಕೆಯಾಗಿತ್ತು. ಆ ಸಂಪತ್ತು ನಿಂತದ್ದು ಎಲ್ಲರೂ ಅದನ್ನು ಸಂಪತ್ತೆಂದು ಒಪ್ಪಿದ್ದರಿಂದ. ಒಂದು ಕುದುರೆ ತಪ್ಪಿಸಿಕೊಂಡು ಪಕ್ಕದ ರಾಜ್ಯಕ್ಕೆ ಹೋದರೆ ಅಲ್ಲಿನ ಶೆರೀಫ್ ಹಿಡಿದು ತಂದು ಕಟ್ಟುತ್ತಾನೆ. ಗುಲಾಮನ ವಿಷಯದಲ್ಲಿ ಅದೇ ಶೆರೀಫ್ ಒಲ್ಲೆ ಎಂದನೆಂದರೆ, ಇವನು ಕುದುರೆಯಂತಲ್ಲ ಎಂದು ಇಡೀ ರಾಜ್ಯ ಸಾರಿದಂತೆ. ಮಿಸಿಸಿಪಿಯ ಘೋಷಣೆ ತನ್ನ ನಿಲುವು ಗುಲಾಮಗಿರಿಯೊಂದಿಗೆ ಪೂರ್ತಿ ಬೆಸೆದುಕೊಂಡಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿತು. ದಕ್ಷಿಣದವರು ಮಾಡಿಕೊಂಡ ಹೊಸ ಸಂವಿಧಾನ, ಗುಲಾಮರನ್ನು ಕರೆದುಕೊಂಡು ಯಾವ ರಾಜ್ಯದಲ್ಲಾದರೂ ತಿರುಗುವ, ತಂಗುವ ಹಕ್ಕನ್ನು ತನ್ನ ನಾಗರಿಕರಿಗೆ ಖಾತ್ರಿ ಮಾಡಿತು. ತಮ್ಮೊಳಗಿನ ಒಂದು ರಾಜ್ಯವೂ ಮುಂದೆ ಪೆನ್ಸಿಲ್ವೇನಿಯಾ ಆಗದಂತೆ.

ಉತ್ತರದವರೇನು ಸಾಚಾಗಳೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕಪ್ಪು ಜನ ಬಂದು ನೆಲೆಸಬಾರದೆಂದು ಇಂಡಿಯಾನಾ 1851ರಲ್ಲಿ ಸಂವಿಧಾನದಲ್ಲೇ ಬರೆಯಿತು. ಲಿಂಕನ್‌ರ ಇಲಿನಾಯ್ 1853ರಲ್ಲಿ ಅಂಥದೇ ಕಾನೂನು ಮಾಡಿತು. ನ್ಯೂಯಾರ್ಕ್‌ನಲ್ಲಿ ಮತ ಹಾಕಲು ಕಪ್ಪು ಗಂಡಸಿಗೆ ಮಾತ್ರ 250 ಡಾಲರ್ ಆಸ್ತಿ ಇರಬೇಕಿತ್ತು. ಗುಲಾಮರು ಬಿಡಿಸಿದ ಹತ್ತಿಯಿಂದಲೇ ಮ್ಯಾಸಚೂಸೆಟ್ಸ್‌ನ ಗಿರಣಿಗಳು ತಿರುಗುತ್ತಿದ್ದವು. ಲಿಂಕನ್ ಸ್ವತಃ ಓಡಿಹೋದವರ ಕಾನೂನನ್ನು ಪಾಲಿಸುವುದಾಗಿ ಮಾತು ಕೊಟ್ಟರು. ಇರುವ ಕಡೆ ಗುಲಾಮಗಿರಿಯನ್ನು ಕೇಂದ್ರ ಎಂದೂ ಮುಟ್ಟದಂತೆ 1861ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸಂವಿಧಾನ ತಿದ್ದುಪಡಿಯನ್ನೇ ಅಂಗೀಕರಿಸಿ ರಾಜ್ಯಗಳ ಮುಂದಿಟ್ಟಿತ್ತು. ಇದೆಲ್ಲ ನಿಜ, ಇದನ್ನು ಮರೆಮಾಚುವ ಕಥೆಗಳು ಬೇಡ. ಆದರೆ ಇಂಥ ಉತ್ತರವೇ ಕೊನೆಗೆ ರಾಜಿಗೆ ಒಗ್ಗದೆ ಹೋಯಿತು ಎಂಬುದು ಓಡಿಬಂದವರ ಶಕ್ತಿ ಏನೆಂದು ಹೇಳುತ್ತದೆ. ದೂರದ ಗುಲಾಮಗಿರಿಯನ್ನು ಸಹಿಸಿಕೊಂಡಿದ್ದವನೂ, ಸಮಾನತೆಯಲ್ಲಿ ನಂಬಿಕೆಯಿಲ್ಲದವನೂ, ಪಕ್ಕದ ಓಣಿಯ ಕ್ಷೌರಿಕನನ್ನು ಕೋಳ ತೊಡಿಸಿ ಎಳೆದೊಯ್ಯುವಾಗ ನೀನೂ ಬಾ, ಹಗ್ಗ ಹಿಡಿ ಎಂದರೆ ತಿರುಗಿ ಬೀಳುತ್ತಾನೆ. ತಟಸ್ಥನಾಗಿರಲು ಇದ್ದ ಜಾಗವನ್ನು 1850ರ ಕಾನೂನೇ ಕಿತ್ತುಕೊಂಡಿತು. ಆ ಕಾನೂನನ್ನು ಅನಿವಾರ್ಯ ಮಾಡಿದವರು ಓಡಿದವರು.

1861ರ ಮೇ 23ರಂದು ಒಕ್ಕೂಟ ಬಿಡುವ ತೀರ್ಮಾನಕ್ಕೆ ವರ್ಜೀನಿಯಾದ ಮತದಾರರು ಒಪ್ಪಿಗೆ ಕೊಟ್ಟರು. ಅದೇ ರಾತ್ರಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್ಸೆಂಡ್ ಎಂಬ ಮೂವರು ಗುಲಾಮರು ದೋಣಿ ಹುಟ್ಟು ಹಾಕುತ್ತ ನೀರು ದಾಟಿ, ಒಕ್ಕೂಟದ ಸೇನೆಯ ಕೈಯಲ್ಲಿದ್ದ ಮನ್ರೋ ಕೋಟೆಗೆ ಬಂದರು. ಅವರನ್ನು ದಕ್ಷಿಣದ ಸೇನೆಯ ತೋಪಿನ ಕಟ್ಟೆ ಕಟ್ಟಲು ಹಚ್ಚಿದ್ದರು. ಇನ್ನೂ ದೂರಕ್ಕೆ ಸಾಗಿಸುತ್ತಾರೆಂದು ತಿಳಿದು ಹೊರಟು ಬಂದಿದ್ದರು. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ಚಳವಳಿಗಾರರಲ್ಲ. ವರ್ಷದ ಹಿಂದೆ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ, ಮುಂದೆ ದಕ್ಷಿಣದ ಅಧ್ಯಕ್ಷರಾದ ಜೆಫರ್ಸನ್ ಡೇವಿಸ್‌ರೇ ಅಧ್ಯಕ್ಷ ಅಭ್ಯರ್ಥಿಯಾಗಲೆಂದು ಐವತ್ತಕ್ಕೂ ಹೆಚ್ಚು ಸಲ ಮತ ಹಾಕಿದ್ದವರು. ಮರುದಿನ ಬಿಳಿ ಬಾವುಟ ಹಿಡಿದು ಬಂದ ಮೇಜರ್ ಕ್ಯಾರಿ, 1850ರ ಕಾನೂನಿನಂತೆ ಮೂವರನ್ನೂ ಒಪ್ಪಿಸಬೇಕೆಂದು ಕೇಳಿದ. ವರ್ಜೀನಿಯಾ ತಾನು ಪರದೇಶವೆಂದು ಹೇಳಿಕೊಂಡಿದೆಯಲ್ಲ, ಪರದೇಶಕ್ಕೆ ಈ ಕಾನೂನು ಅನ್ವಯಿಸದು, ಶತ್ರುವಿನ ಯುದ್ಧ ಸಾಮಗ್ರಿಯೆಂದು ಇವರನ್ನು ಇಟ್ಟುಕೊಳ್ಳುತ್ತೇನೆ ಎಂದರು ವಕೀಲಿಕೆ ಬಲ್ಲ ಬಟ್ಲರ್. ಮಾತಿನಲ್ಲಿ ಅವರು ಇನ್ನೂ ಸಾಮಗ್ರಿಯೇ. ಕ್ಯಾರಿ ಮಾತ್ರ ಬರಿಗೈಲಿ ಮರಳಿದ. ಎರಡು ದಿನ ಕಳೆಯುವುದರೊಳಗೆ ಇನ್ನೆಂಟು ಜನ ಬಂದರು, ಮರುದಿನ ಹೆಂಗಸರು ಮಕ್ಕಳನ್ನು ಕರೆದುಕೊಂಡು ನಲವತ್ತಕ್ಕೂ ಹೆಚ್ಚು ಜನ, ಜುಲೈ ಮುಗಿಯುವ ಹೊತ್ತಿಗೆ ಸುಮಾರು 900. 1864ರ ಜೂನ್ 28ರಂದು ಕಾಂಗ್ರೆಸ್ 1793 ಮತ್ತು 1850ರ ಎರಡೂ ಕಾನೂನುಗಳನ್ನು ರದ್ದು ಮಾಡಿತು. ಆ ಹೊತ್ತಿಗೆ ಲಕ್ಷಾಂತರ ಜನ ಆ ಮೂವರ ದಾರಿಯಲ್ಲೇ ಗಡಿ ದಾಟಿ ಬಂದಾಗಿತ್ತು.